ಬಲಕ್ಕೆ ತಿರುಗಿಸಿದರೆ ಬಂದ್

"ಅಳಿಯಂದಿರೇ, ಈ ಚಕ್ರ ಸರಿಯಿಲ್ಲ."

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಮಾವನವರು ಹೇಳಿದ್ದು ನಾಲ್ಕೇ ಮಾತು. ಸಂಜೆಯ ಹೊತ್ತಿಗೆ ಇಡೀ ಬೀದಿ ಖಾಲಿ ಬಕೆಟ್ ಹಿಡಿದು ನಿಂತದ್ದಕ್ಕೂ, ಅವರ ಚಿಕ್ಕ ಅಳಿಯ, ನಮ್ಮ ವಾಲ್ವಣ್ಣನ ಎರಡೂ ಭುಜ ಊದಿಕೊಂಡದ್ದಕ್ಕೂ ಮೂಲ ಹುಡುಕುತ್ತ ಹೋದರೆ ಈ ನಾಲ್ಕು ಮಾತಿಗೇ ಬಂದು ಮುಟ್ಟುತ್ತೇವೆ.

ಚಕ್ರ ಎಂದರೆ ದೊಡ್ಡದೇನಲ್ಲ. ಹಾಲ್‌ನಲ್ಲಿ ಟಿವಿ, ಟಿವಿಯ ಕೆಳಗೆ ಒಂದು ಹಳೆಯ ಕಂಪ್ಯೂಟರು. ಮನೆಯವರ ಸಿನಿಮಾ, ಹಾಡು, ಮದುವೆ ಮುಂಜಿಯ ವಿಡಿಯೋ ಎಲ್ಲವನ್ನೂ ಒಂದೇ ಕಡೆ ಪೇರಿಸಿ ಟಿವಿಯಲ್ಲಿ ತೋರಿಸುವ ಸಾಫ್ಟ್‌ವೇರು ಅದರೊಳಗಿತ್ತು. ಅದನ್ನು ಆಡಿಸುವುದಕ್ಕೆ ಒಂದು ಕೀಬೋರ್ಡು. ಕೀಬೋರ್ಡಿನ ಬಲ ಮೂಲೆಯಲ್ಲಿ ಹಳೆಯ ರೇಡಿಯೋ ಗುಂಡಿಯಂಥ ಒಂದು ಚಕ್ರ. ಉಳಿದ ಪುಟ್ಟ ಪುಟ್ಟ ಕೀಗಳು ಮಾವನವರ ಕಣ್ಣಿಗೆ ಕಾಣುತ್ತಿರಲಿಲ್ಲ. ಕೈಗೆ ಸಿಗುತ್ತಿದ್ದದ್ದು ಆ ಚಕ್ರ ಒಂದೇ. ಅದನ್ನು ಒಂದು ಕಟಕ್ ಬಲಕ್ಕೆ ತಿರುಗಿಸಿದರೆ ಚಿತ್ರ ಹತ್ತು ಸೆಕೆಂಡು ಮುಂದಕ್ಕೆ ಹಾರುತ್ತಿತ್ತು, ಎಡಕ್ಕೆ ತಿರುಗಿಸಿದರೆ ಹತ್ತು ಸೆಕೆಂಡು ಹಿಂದಕ್ಕೆ.

"ಏನಾಗಿದೆ ಮಾವ ಚಕ್ರಕ್ಕೆ?" ಎಂದು ವಾಲ್ವಣ್ಣ ಕೇಳಿದ.

"ಏನಾಗಿದೆ ಅಂದ್ರೆ? ಬೇಕಾದ ಕೆಲಸ ಮಾಡಲ್ಲ. ನಾಲ್ಕು ಗಂಟೆಗೆ ನನ್ನ ಸ್ಕೂಲಿನವರು ಬರ್ತಾರೆ, ನನ್ನ ಬೀಳ್ಕೊಡುಗೆ ವಿಡಿಯೋ ನೋಡೋಕೆ. ಅಷ್ಟರೊಳಗೆ ಸರಿ ಮಾಡಿಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈಗಲೇ ಹೇಳಿ, ದೊಡ್ಡ ಅಳಿಯಂದಿರಿಗೆ ಒಂದು ಫೋನ್ ಹಾಕ್ತೀನಿ." ಹೀಗೆಂದು ಮಾವನವರು ಕ್ಷೌರಕ್ಕೆ, ಅಲ್ಲಿಂದ ಆ ಸ್ಕೂಲಿನವರೊಬ್ಬರ ಮನೆಗೆ ಊಟಕ್ಕೆ ಹೊರಟರು. ಮೂವತ್ತೈದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಕ್ಷೌರದಂಗಡಿಗೂ ಎಡ-ಬಲ ಹೆಜ್ಜೆ ಹಾಕಿಯೇ ಹೋಗುತ್ತಿದ್ದರು.

ದೊಡ್ಡ ಅಳಿಯಂದಿರು! ವಾಲ್ವಣ್ಣನಿಗೆ ಚುರುಕ್ ಎಂದಿತು. ದೊಡ್ಡ ಅಳಿಯ ಎಂದರೆ ವಾಲ್ವಣ್ಣನ ಷಡ್ಡಕ, ಇಂಜಿನಿಯರು. ಈ ಕಂಪ್ಯೂಟರು, ಈ ಸಾಫ್ಟ್‌ವೇರು, ಗೋಡೆಯಲ್ಲಿ ಓಡುವ ಅಷ್ಟೂ ವೈರು ಅವನದೇ ಪ್ರತಾಪ. ಮನೆಯಲ್ಲಿ ಬಲ್ಬು ಹೋದರೂ ಮಾವನವರು "ದೊಡ್ಡ ಅಳಿಯಂದಿರನ್ನ ಒಂದ್ಮಾತು ಕೇಳೋಣ" ಎನ್ನುವರು. ವಾಲ್ವಣ್ಣನ ವಿಷಯ ಬಂದರೆ "ಪಾಪ, ಒಳ್ಳೆಯವರು" ಎನ್ನುವರು. ಒಳ್ಳೆಯವನು ಎನ್ನಿಸಿಕೊಳ್ಳುವುದು ಸರಿ, ಅದಕ್ಕೆ ಮುಂದೆ ಒಂದು 'ಪಾಪ' ಅಂಟಿಕೊಂಡರೆ ಗಂಡಸಾದವನು ಎಷ್ಟು ವರ್ಷ ತಡೆದಾನು?

"ಮಾವ, ನಾನೇ ಮಾಡ್ತೀನಿ. ಯಾರಿಗೂ ಫೋನ್ ಬೇಡ" ಎಂದು ಬೀದಿಗೆ ಕೇಳುವಂತೆ ಕೂಗಿದ.

ಚಕ್ರಕ್ಕೆ ಏನಾಗಬೇಕು ಎಂದು ಅವನು ಮತ್ತೆ ಕೇಳಲಿಲ್ಲ. ಕೇಳುವುದೇನಿದೆ? ಮಾವನವರ ಕಿವಿ ಮಂದ, ಕಿವಿಯಲ್ಲಿ ಯಂತ್ರ. ಚಕ್ರ ತಿರುಗಿಸಿದರೆ ಸದ್ದು ಹೆಚ್ಚಬೇಕು, ಅಷ್ಟೇ ತಾನೆ?

ಇದರಲ್ಲಿ ಅವನದೂ ಒಂದು ಸ್ವಾರ್ಥವಿತ್ತು. ಆ ಬೀಳ್ಕೊಡುಗೆ ಸಭೆಯಲ್ಲಿ ವಾಲ್ವಣ್ಣನೂ ಭಾಷಣ ಮಾಡಿದ್ದ. ಹದಿನೆಂಟು ನಿಮಿಷ! ಒಂದು ತಿಂಗಳು ಕನ್ನಡಿಯ ಮುಂದೆ ನಿಂತು ಗಟ್ಟು ಹೊಡೆದದ್ದು. ಆದರೆ ಅವನು "ಮಾನ್ಯರೇ" ಎಂದ ಕೂಡಲೇ ಮೈಕು ಸತ್ತಿತು. ಮೈಕಿನ ಉಸ್ತುವಾರಿ ಯಾರದೆಂದು ಬೇರೆ ಹೇಳಬೇಕಿಲ್ಲ. ಸಭಿಕರಿಗೆ ಕಂಡದ್ದು ಹದಿನೆಂಟು ನಿಮಿಷ ಬಾಯಿ ಆಡಿಸುವ, ನಡುನಡುವೆ ಮುಷ್ಟಿ ಎತ್ತುವ ಒಬ್ಬ ಮನುಷ್ಯ. ವೇದಿಕೆಯ ಕಾಲಬುಡದಲ್ಲಿದ್ದ ಕ್ಯಾಮೆರಾ ಮಾತ್ರ ಪ್ರತಿ ಅಕ್ಷರವನ್ನೂ ಹಿಡಿದಿಟ್ಟಿತ್ತು, ಸಣ್ಣ ದನಿಯಲ್ಲಿ. ಇವತ್ತು ಚಕ್ರ ಸರಿಯಾದರೆ ಅದೇ ಜನ ಅದೇ ಭಾಷಣವನ್ನು ಗಟ್ಟಿಯಾಗಿ ಕೇಳುತ್ತಾರೆ. ಕೇಳಿ ತಲೆದೂಗುತ್ತಾರೆ. ಮಾವನವರ ಬಾಯಿಂದ 'ಪಾಪ' ಉದುರಿಹೋಗುತ್ತದೆ.

ವಾಲ್ವಣ್ಣ ತೋಳು ಮಡಿಸಿ ಕೂತ.

ಅವನ ಕೆಲಸವೂ ಚಕ್ರ ತಿರುಗಿಸುವುದೇ ಎನ್ನಬಹುದು. ನೀರು ಸರಬರಾಜು ಇಲಾಖೆಯಲ್ಲಿ ಹದಿನಾಲ್ಕು ವರ್ಷದಿಂದ ವಾಲ್ವ್ ತಿರುಗಿಸುತ್ತಿದ್ದ. ಎದೆಯುದ್ದದ ಕಬ್ಬಿಣದ ಸಲಾಕೆಯನ್ನು ರಸ್ತೆಯ ಗುಂಡಿಯೊಳಗೆ ಇಳಿಸಿ ಎಡಕ್ಕೆ ತಿರುಗಿಸಿದರೆ ನೀರು, ಬಲಕ್ಕೆ ತಿರುಗಿಸಿದರೆ ಬಂದ್. ಅವನ ಬೀದಿಗೆ ದಿನ ಬಿಟ್ಟು ದಿನ, ಹನ್ನೊಂದರಿಂದ ಹನ್ನೆರಡರವರೆಗೆ ನೀರು. ಆ ಒಂದು ಗಂಟೆ ತಪ್ಪಿದರೆ ಅಷ್ಟೂ ನೀರು ಮೇಲಿನ ಬೀದಿಗೆ ಹರಿದುಹೋಗುತ್ತದೆ. ಇಲ್ಲಿಯವರು ಇನ್ನೆರಡು ದಿನ ಬಾಯಿ ಬಾಯಿ ಬಿಡಬೇಕು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಬೀದಿಯವರು ಪ್ರೀತಿಯಿಂದ 'ವಾಲ್ವಣ್ಣ' ಎಂದು ಕರೆದದ್ದು ಸುಮ್ಮನೆ ಅಲ್ಲ.

"ರೀ, ಹನ್ನೊಂದಕ್ಕೆ ನೀರು ಬಿಡೋದಿದೆ, ಜ್ಞಾಪಕ ಇರ್ಲಿ. ನಾನು ಮಾರ್ಕೆಟ್ಟಿಗೆ ಹೋಗ್ಬರ್ತೀನಿ" ಎಂದಳು ಹೆಂಡತಿ, ಚೀಲ ಹಿಡಿದು.

"ಗೊತ್ತು ಕಣೇ. ಇದು ಐದು ನಿಮಿಷದ ಕೆಲಸ."

ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಒಂದು ಪಟ್ಟಿ ಇತ್ತು. ಯಾವ ಕೀ ಒತ್ತಿದರೆ ಯಾವ ಕೆಲಸ ಆಗಬೇಕು ಎಂದು ಸಾಲಾಗಿ ಬರೆದಿಟ್ಟ ಪಟ್ಟಿ. ಚಕ್ರದ ಸಾಲಿನಲ್ಲಿ 'ಮುಂದಕ್ಕೆ ಹಾರು' ಎಂದಿದ್ದದ್ದನ್ನು ಅಳಿಸಿ 'ಸದ್ದು' ಎಂದು ಕೂರಿಸಿದರೆ ಮುಗಿಯಿತು. ವಾಲ್ವಣ್ಣ ಕೂರಿಸಿದ. ಸಾಫ್ಟ್‌ವೇರು ಮುಚ್ಚಿ ತೆರೆದ. ಚಕ್ರ ತಿರುಗಿಸಿದ. ಸದ್ದು ಏರಿತು! ಆದರೆ ಅಲ್ಲಿ ಸದ್ದು ಮಾಡುವಂಥದ್ದು ಏನೂ ಓಡುತ್ತಿರಲಿಲ್ಲ. ವಿಡಿಯೋಗಳ ಪಟ್ಟಿಯಲ್ಲಿ ಕೆಳಗಿಳಿದು ಬೀಳ್ಕೊಡುಗೆಯನ್ನು ಆರಿಸೋಣವೆಂದರೆ, ಹಾಗೆ ಇಳಿಯುವುದಕ್ಕೂ ಇದೇ ಚಕ್ರ ಬೇಕು. ಈಗ ಚಕ್ರಕ್ಕೆ ಸದ್ದಿನದೊಂದೇ ಧ್ಯಾನ. ಪಟ್ಟಿಯ ತುದಿಯಲ್ಲಿದ್ದ ಯಾರದೋ ನಾಮಕರಣದ ಮೇಲೆ ಪರದೆ ಅಂಟಿ ಕೂತಿತು, ಜಪ್ಪಯ್ಯ ಎಂದರೂ ಕದಲಲಿಲ್ಲ.

ಅದನ್ನು ಅಳಿಸಿ ಇನ್ನೊಂದು ಕಡೆ ಬರೆದ. ಈ ಸಲ ವಿಡಿಯೋ ಶುರುವಾಯಿತು. ಚಕ್ರ ತಿರುಗಿಸಿದ. ಸದ್ದು ಹೆಚ್ಚಲಿಲ್ಲ, ಚಿತ್ರ ಹಿಗ್ಗಿತು. ಇನ್ನಷ್ಟು ತಿರುಗಿಸಿದ, ಇನ್ನಷ್ಟು ಹಿಗ್ಗಿತು. ಕೊನೆಗೆ ಹೆಡ್‌ಮಾಸ್ಟರರ ಮೂಗಿನ ಎಡ ಹೊಳ್ಳೆ ಟಿವಿಯ ತುಂಬ ಗುಹೆಯ ಬಾಯಿಯಂತೆ ನಿಂತುಬಿಟ್ಟಿತು.

ಹತ್ತು ಐವತ್ತಕ್ಕೆ ಫೋನಿನಲ್ಲಿ ಅಲಾರಂ ಹೊಡೆಯಿತು. "ಐದೇ ನಿಮಿಷ" ಎಂದು ಅದರ ಬಾಯಿ ಮುಚ್ಚಿದ. ಮತ್ತೆ ಹೊಡೆಯಿತು, ಮತ್ತೆ ಮುಚ್ಚಿದ. ಮೂರನೆಯ ಸಲ ಹೊಡೆದಾಗ ಫೋನನ್ನೇ ಸೋಫಾದ ದಿಂಬಿನ ಕೆಳಗೆ ತುರುಕಿದ. ಮೂಗಿನ ಹೊಳ್ಳೆಯಿಂದ ಹೊರಗೆ ಬರುವ ದಾರಿ ಹುಡುಕುವವನಿಗೆ ಗಡಿಯಾರದ ಕಡೆ ನೋಡಲು ಪುರುಸೊತ್ತೆಲ್ಲಿ?

ಬಾಗಿಲು ಬಡಿದ ಸದ್ದಿಗೆ ತಲೆ ಎತ್ತಿದಾಗ ಹನ್ನೆರಡೂ ಕಾಲು.

ಮೂಲೆಯಲ್ಲಿ ಕಬ್ಬಿಣದ ಸಲಾಕೆ ಗೋಡೆಗೊರಗಿ ನಿಂತಿತ್ತು. ಅದನ್ನು ಬಾಗಿಲ ಹಿಂದೆ ಸರಿಸಿ, ಚಿಲಕ ತೆಗೆದ. ಹೊರಗೆ ಎರಡು ಬಕೆಟ್ ಹಿಡಿದ ಬಸ್ ಡ್ರೈವರು, ಎದುರು ಮನೆಯ ಮೂರನೇ ಮಹಡಿಯವನು. ಅವನ ಪಕ್ಕದಲ್ಲಿ ಪ್ಲಾಸ್ಟಿಕ್ ಕೊಡ ಹಿಡಿದ ಹೊಲಿಗೆಯಕ್ಕ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹಿಂದೆ ಇನ್ನೂ ಆರೇಳು ಜನ.

"ಏನಣ್ಣ, ನೀರೇ ಬಂದಿಲ್ಲ?" ಎಂದ ಡ್ರೈವರು.

ವಾಲ್ವಣ್ಣ ಬಾಯಿ ತೆರೆದ. ನಿಜ ಹೇಳಬೇಕೆಂದೇ ತೆರೆದದ್ದು. ಆದರೆ ಹದಿನಾಲ್ಕು ವರ್ಷದ ಹೆಸರು ನಾಲಿಗೆಯನ್ನು ಹಿಡಿದುಕೊಂಡಿತು.

"ಮೇಲಿಂದಾನೇ ಬಂದಿಲ್ಲ ಕಣಪ್ಪ" ಎಂದುಬಿಟ್ಟ. "ನಾನು ಎಷ್ಟು ತಿರುಗಿಸಿದ್ರೂ ಬರೀ ಗಾಳಿ."

"ಅಯ್ಯೋ ಪಾಪ, ನೀನೇನು ಮಾಡ್ತೀಯ!" ಎಂದು ಹೊಲಿಗೆಯಕ್ಕ ಮರುಗಿದರು. "ಆಫೀಸಿನಲ್ಲಿ ಫ್ಯಾನ್ ಕೆಳಗೆ ಕೂತವರಿಗೆ ಬುದ್ಧಿ ಬೇಡ್ವಾ? ಬೈಸಿಕೊಳ್ಳೋನು ಮಾತ್ರ ಇವನು." ಬೀದಿಗೆ ಬೀದಿಯೇ ಇಲಾಖೆಗೆ ಶಾಪ ಹಾಕಿತು. ಸಂಜೆಯೊಳಗೆ ಬಂದರೂ ಬರಬಹುದೆಂದು ಬಕೆಟ್ಟುಗಳನ್ನೆಲ್ಲ ವಾಲ್ವಣ್ಣನ ಜಗಲಿಯ ಮೇಲೆ ಸಾಲಾಗಿಟ್ಟು ಹೋದರು. ಡ್ರೈವರೂ ಹೊಲಿಗೆಯಕ್ಕನೂ ಮಾತ್ರ ಹೋಗಲಿಲ್ಲ. ಅವರ ಕಣ್ಣು ಟಿವಿಯ ಮೇಲಿತ್ತು.

"ಅದೇನು, ಬಾವೀನಾ?" ಎಂದರು ಹೊಲಿಗೆಯಕ್ಕ.

"ಹೆಡ್‌ಮಾಸ್ಟರ ಮೂಗು" ಎಂದು ವಾಲ್ವಣ್ಣ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡ.

"ಚಕ್ರದ ವಿಷಯ ತಾನೆ? ಸರಿ ಆಚೆ" ಎಂದು ಡ್ರೈವರು ಕೀಬೋರ್ಡನ್ನು ತೊಡೆಯ ಮೇಲೆಳೆದುಕೊಂಡ. "ಈ ಬೀದೀಲಿ ನನಗಿಂತ ಜಾಸ್ತಿ ಚಕ್ರ ತಿರುಗಿಸಿದೋನು ಯಾರಿದ್ದಾನೆ ಹೇಳು. ಇಪ್ಪತ್ತು ವರ್ಷ ಸರ್ವಿಸು, ಒಂದು ಗೀರು ಬಿದ್ದಿಲ್ಲ." ಪಟ್ಟಿಯಲ್ಲಿ ಯಾವುದೋ ಸಾಲನ್ನು ಒತ್ತಿ, ಇನ್ನಾವುದನ್ನೋ ಆರಿಸಿ, ಸ್ಟಿಯರಿಂಗ್ ಹಿಡಿದವನ ಗಾಂಭೀರ್ಯದಿಂದ ಚಕ್ರವನ್ನು ಒಂದು ಸುತ್ತು ತಿರುಗಿಸಿದ. ಟಿವಿ ಕಪ್ಪಾಯಿತು. ಕಂಪ್ಯೂಟರಿನ ದೀಪ ಆರಿತು. ಒಳಗಿನ ಫ್ಯಾನು ನಿಟ್ಟುಸಿರಿಟ್ಟು ನಿಂತಿತು.

"ಎಂಜಿನ್ನೇ ಆಫ್ ಆಯ್ತಲ್ಲಪ್ಪ!" ಎಂದ ಡ್ರೈವರು.

ಅಲ್ಲಿಂದ ಎರಡು ಗಂಟೆ ನಡೆದದ್ದನ್ನು ವಿವರಿಸಿದರೆ ಓದುವವರಿಗೂ ತಲೆನೋವು. ಕಂಪ್ಯೂಟರನ್ನು ಮತ್ತೆ ಹಚ್ಚುವುದು, ಯಾರಾದರೂ ಮರೆತು ಚಕ್ರ ಮುಟ್ಟುವುದು, ಅದು ಮತ್ತೆ ಆರುವುದು. ನಡುವೆ ಹೆಂಡತಿ ಮಾರ್ಕೆಟ್ಟಿನಿಂದ ಬಂದಳು. ಜಗಲಿಯ ಮೇಲಿನ ಬಕೆಟ್ಟುಗಳನ್ನು ನೋಡಿದಳು, ಬಾಗಿಲ ಹಿಂದಿನ ಸಲಾಕೆಯನ್ನು ನೋಡಿದಳು, ಸಲಾಕೆಯ ತುದಿಗೆ ಹತ್ತಿದ ಮಣ್ಣು ಮೊನ್ನೆಯದೇ ಎಂದೂ ನೋಡಿದಳು. ತರಕಾರಿ ಚೀಲ ಎತ್ತಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ವಾಲ್ವಣ್ಣನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಕೊನೆಗೆ ಕೈಹಾಕಿದವರು ಹೊಲಿಗೆಯಕ್ಕ. ಗಿರಾಕಿಗಳ ಅಳತೆಯನ್ನೆಲ್ಲ ಕಂಪ್ಯೂಟರಿನಲ್ಲೇ ಇಟ್ಟುಕೊಂಡ ಹೆಂಗಸು. ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಬಟ್ಟೆ ಪರೀಕ್ಷಿಸುವಂತೆ ನೋಡಿದರು.

"ಎಲ್ಲಾ ಕಡೆಗೂ ಒಂದೇ ನಿಯಮ ಹಾಕಿದ್ದೀಯಲ್ಲೋ, ಅದಕ್ಕೇ ಈ ಅವತಾರ. ನೋಡು, ಇಲ್ಲಿ ಬೇರೆ ಭಾಗ ಇದೆ, 'ವಿಡಿಯೋ ಓಡುವಾಗ ಮಾತ್ರ' ಅಂತ. ಸದ್ದು ಇಲ್ಲಿ ಬರೀಬೇಕು. ಪಟ್ಟಿ ನೋಡುವಾಗ ಚಕ್ರದ ಹಳೇ ಕೆಲಸ ಹಾಗೇ ಇರುತ್ತೆ."

ಹಾಗೇ ಆಯಿತು. ವಿಡಿಯೋ ಓಡಿತು, ಚಕ್ರ ತಿರುಗಿತು, ಸದ್ದು ಏರಿತು, ಇಳಿಯಿತು. ವಾಲ್ವಣ್ಣ ಕಣ್ಣಲ್ಲಿ ನೀರು ತಂದುಕೊಂಡ. ಬೀದಿಯಲ್ಲಿ ಆ ಹೊತ್ತಿಗೆ ಇದ್ದದ್ದು ಅದೊಂದೇ ನೀರು.

"ಒಂದು ತಿದ್ದುಪಡಿ ಅಕ್ಕ" ಎಂದ. "ಬಲಕ್ಕೆ ತಿರುಗಿಸಿದ್ರೆ ಜಾಸ್ತಿ ಆಗ್ತಿದೆ. ಅದು ಉಲ್ಟಾ. ಎಡಕ್ಕೆ ಬಿಡೋದು, ಬಲಕ್ಕೆ ಮುಚ್ಚೋದು."

"ಲೋಕದಲ್ಲಿ ಎಲ್ಲಿದೆ ಹಾಗೆ?" ಎಂದ ಡ್ರೈವರು.

"ವಾಲ್ವಿನಲ್ಲಿದೆ."

"ಇದು ವಾಲ್ವಾ? ನನ್ನ ಮಿಷನ್ನಿನ ಚಕ್ರಾನ ಹಿಂದಕ್ಕೆ ತಿರುಗಿಸಿದ್ರೆ ದಾರ ಕಿತ್ಕೊಂಡು ಬರುತ್ತೆ, ಗೊತ್ತಾ?" ಎಂದರು ಹೊಲಿಗೆಯಕ್ಕ. ಒಂದು ಚಿಕ್ಕ ಚಕ್ರಕ್ಕೆ ಮೂರು ಕಸುಬಿನವರು ಗಂಟಲು ಹರಿದುಕೊಂಡರು. ಮನೆ ವಾಲ್ವಣ್ಣನದಾದ್ದರಿಂದ ಅವನೇ ಗೆದ್ದ. ಬಲಕ್ಕೆ ಕಡಿಮೆ, ಎಡಕ್ಕೆ ಜಾಸ್ತಿ ಎಂದು ಬರೆಸಿ, ಬಟ್ಟೆ ಬದಲಿಸಲು ಒಳಗೆ ಹೋದ. ಸ್ನಾನ ಮಾಡೋಣವೆಂದು ನಲ್ಲಿ ತಿರುಗಿಸಿದರೆ ಅದು ಸುಯ್ ಎಂದು ಅಣಕಿಸಿತು. ತಂಬಿಗೆಯಲ್ಲಿ ಉಳಿದಿದ್ದ ನೀರಿನಲ್ಲಿ ಮುಖ ಒರೆಸಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡ.

ಹೊರಗೆ ಹೊಲಿಗೆಯಕ್ಕ ಇನ್ನೂ ಕೀಬೋರ್ಡಿನ ಮುಂದೆಯೇ ಇದ್ದರು. ಕೈಯಿಂದ ಹೊರಬಿದ್ದ ಕೆಲಸದಲ್ಲಿ ತಪ್ಪು ಉಳಿದರೆ ಅವರಿಗೆ ಊಟ ಸೇರುವುದಿಲ್ಲ. "ನಾಳೆ ಇವನೇ ಬಂದು ಥ್ಯಾಂಕ್ಸ್ ಹೇಳ್ತಾನೆ" ಎಂದು ಡ್ರೈವರಿಗೆ ಕಣ್ಣು ಮಿಟುಕಿಸಿ, ಎರಡು ಸಾಲು ಅದಲುಬದಲು ಮಾಡಿದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮಾವನವರು ಬಂದರು. ಹೊಸ ಕ್ಷೌರ, ಕೊರಳಲ್ಲಿ ಹಳೆಯ ಸೀಟಿ, ಜೊತೆಗೆ ಶಾಲೆಯ ಐದು ಮಂದಿ. ಅವರಲ್ಲಿ ಒಬ್ಬರು ಮೇಲಿನ ಬೀದಿಯ ಲೆಕ್ಕದ ಮೇಷ್ಟ್ರು. ಹೊಸಿಲು ದಾಟುತ್ತಲೇ ಅವರು ಮುಖವರಳಿಸಿದರು.

"ಏನ್ರೀ ವಾಲ್ವಣ್ಣ, ಇವತ್ತು ನಮ್ಮ ಬೀದೀಲಿ ಹಬ್ಬ! ಹನ್ನೊಂದು ಗಂಟೆಯಿಂದಾನೇ..."

"ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ" ಎಂದು ವಾಲ್ವಣ್ಣ ಅವರ ಭುಜ ಹಿಡಿದು ಕುರ್ಚಿಗೆ ಒತ್ತಿದ.

"ಅಲ್ಲ, ನಮ್ಮ ತೊಟ್ಟಿ ಇದೆಯಲ್ಲ, ಅದು ತುಂಬಿ..."

"ಟೀ ತಗೊಳ್ಳಿ ಮೇಷ್ಟ್ರೇ, ಆರಿಹೋಗುತ್ತೆ."

"ಟೀ ಕುಡೀತೀನಿ ಕಣ್ರೀ. ನಾನು ಹೇಳೋದು, ಅಷ್ಟು ನೀರು..."

"ಶುರು ಮಾಡೋಣ್ವಾ ಮಾವ?" ಎಂದು ವಾಲ್ವಣ್ಣ ವಿಡಿಯೋ ಹಚ್ಚಿಯೇಬಿಟ್ಟ. ಬ್ಯಾಂಡಿನ ಸದ್ದಿನಲ್ಲಿ ಲೆಕ್ಕದ ಮೇಷ್ಟ್ರ ಮಾತು ಕರಗಿಹೋಯಿತು. ಡ್ರೈವರು, ಹೊಲಿಗೆಯಕ್ಕ ಗೋಡೆಗೊರಗಿ ಕೂತರು. ಬಕೆಟ್ ವಿಚಾರಿಸಲು ಬಂದ ನೆರೆಯವರೂ ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತರು.

ಎಲ್ಲ ಸೊಗಸಾಗಿ ನಡೆಯಿತು. ಮೆರವಣಿಗೆ ಬಂತು, ಹಾರ ತುರಾಯಿ ಬಂತು. ಹೆಡ್‌ಮಾಸ್ಟರು ಮಾತಾಡಿದರು, ಮೂಗು ಹದವಾದ ಅಳತೆಯಲ್ಲಿತ್ತು. ದೊಡ್ಡ ಅಳಿಯಂದಿರು ಎರಡು ನಿಮಿಷ ಮಾತಾಡಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಪರದೆಯ ಮೇಲೆ ವಾಲ್ವಣ್ಣ ಎದ್ದು ನಿಂತ. "ಮಾನ್ಯರೇ" ಎಂದ.

ಕೆಳಗೆ ಕೂತಿದ್ದ ವಾಲ್ವಣ್ಣ ಅಂಗಿಯ ಕಾಲರು ಸರಿಮಾಡಿಕೊಂಡ. ಅದೇ ಕ್ಷಣಕ್ಕೆ ಮಾವನವರ ಕೈ ಚಕ್ರಕ್ಕೆ ಹೋಯಿತು. ಕಟಕ್ ಕಟಕ್ ಎಂದು ಬಲಕ್ಕೆ ತಿರುಗಿಸಿದರು. ಪರದೆಯ ವಾಲ್ವಣ್ಣ ಎಲ್ಲೂ ಹೋಗಲಿಲ್ಲ, ಇನ್ನೂ ಗಟ್ಟಿಯಾದ. ಸದ್ದು ಏರಿದ ಸಂಭ್ರಮದಲ್ಲಿ, ಏರಿದ್ದು ಬಲಕ್ಕೆ ತಿರುಗಿಸಿದ್ದರಿಂದ ಎಂಬುದು ಕೆಳಗಿನ ವಾಲ್ವಣ್ಣನ ತಲೆಗೆ ಹೊಳೆಯಲೇ ಇಲ್ಲ.

"ಇದೇನು, ಹಾರ್ತಾ ಇಲ್ವಲ್ಲ? ಕಿರುಚ್ತಾ ಇದೆ!" ಎಂದರು ಮಾವ.

"ಸದ್ದಿಗೇ ಮಾಡಿದ್ದು ಮಾವ. ನೀವೇ ಹೇಳಿದ್ರಲ್ಲ, ಚಕ್ರ ಸರಿಯಿಲ್ಲ ಅಂತ."

"ಸದ್ದು ಯಾರಿಗೆ ಬೇಕಿತ್ತು? ನನ್ನ ಕಿವೀಲಿ ಮಿಷನ್ ಇಲ್ವಾ? ಹಾರೋದು ಸಾಲದು ಅಂದೆ ಕಣ್ರೀ! ಒಂದು ಸಲಕ್ಕೆ ಹತ್ತು ಸೆಕೆಂಡು ಹಾರಿದ್ರೆ ಏನು ಪ್ರಯೋಜನ? ನಿಮ್ಮ ಭಾಷಣ ದಾಟೋಕೆ ನೂರೆಂಟು ಸಲ ತಿರುಗಿಸ್ಬೇಕು. ಬೆರಳು ಬಿದ್ದುಹೋಗುತ್ತೆ."

"ಹದಿನೆಂಟು ನಿಮಿಷಕ್ಕೆ ನೂರೆಂಟೇ, ಸರಿಯಾಗಿದೆ" ಎಂದು ಲೆಕ್ಕದ ಮೇಷ್ಟ್ರು ತಲೆಯಾಡಿಸಿದರು.

ವಾಲ್ವಣ್ಣ ಕುಗ್ಗಿಹೋದ. ಬೆಳಗಿನಿಂದ ಅನ್ನ ನೀರು ಬಿಟ್ಟು, ಇತರರಿಗೂ ನೀರು ಬಿಡದೆ ದುಡಿದದ್ದು ಇದಕ್ಕಾಗಿಯೇ? ಪರದೆಯ ಮೇಲೆ ಮಾತ್ರ ಅವನು ಉತ್ಸಾಹದಿಂದ ಮುಷ್ಟಿ ಎತ್ತುತ್ತಿದ್ದ. "ಮಾವನವರಿಂದ ನಾನು ಕಲಿತದ್ದು ಶಿಸ್ತು. ಹೊತ್ತಿಗೆ ಸರಿಯಾಗಿ ಕೆಲಸ ಮಾಡುವ ಶಿಸ್ತು..."

ಆಗ ಅವನಿಗೆ ಮುಂದಿನ ಸಾಲು ನೆನಪಾಯಿತು.

ಒಂದು ತಿಂಗಳು ಗಟ್ಟು ಹೊಡೆದ ಭಾಷಣ. ಮುಂದೆ ಏನು ಬರುತ್ತದೆಂದು ಲೋಕದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಮಾವನವರಿಗಿಂತ ನೂರು ಪಾಲು ಆತುರ ಈಗ ಅವನಿಗೆ, ಈ ಭಾಷಣ ಯಾರ ಕಿವಿಗೂ ಬೀಳಬಾರದು! ಎದ್ದು ಧಾವಿಸಿ ಮಾವನವರ ತೊಡೆಯ ಮೇಲಿನ ಕೀಬೋರ್ಡಿಗೆ ಕೈಹಾಕಿದ. ಹದಿನಾಲ್ಕು ವರ್ಷ ಸಲಾಕೆ ಹಿಡಿದ ಕೈ, ಮುಚ್ಚಬೇಕೆಂದರೆ ಅದಕ್ಕೆ ಗೊತ್ತಿದ್ದದ್ದು ಒಂದೇ ದಿಕ್ಕು. ಚಕ್ರವನ್ನು ಹಿಡಿದು ಬಲಕ್ಕೆ, ಇದ್ದ ಬಲವನ್ನೆಲ್ಲ ಬಿಟ್ಟು ತಿರುಗಿಸಿದ.

ಕಿಟಕಿಯ ಗಾಜು ನಡುಗಿತು. ಬೀದಿಯ ನಾಯಿಗಳು ಬೊಗಳಿದವು. ಟಕ್ ಎಂದು ಚಕ್ರ ಬುಡಸಹಿತ ಕಿತ್ತು ಅವನ ಕೈಗೆ ಬಂತು. ಸದ್ದು ತುತ್ತತುದಿಯಲ್ಲಿ ನಿಂತಿತು.

"ಬಂಧುಗಳೇ!" ಎಂದು ಪರದೆಯ ವಾಲ್ವಣ್ಣ ಗುಡುಗಿದ. "ಮೇಲಿಂದ ನೀರು ಬರದಿದ್ದರೆ ಅದು ಬೇರೆ ಮಾತು! ಆದರೆ ನನ್ನ ಮರೆವಿನಿಂದ ಒಂದೇ ಒಂದು ದಿನ ಈ ಬೀದಿಗೆ ನೀರು ತಪ್ಪಿದರೆ, ಪ್ರತಿ ಮನೆಗೂ ನಾನೇ, ನನ್ನ ಈ ಹೆಗಲ ಮೇಲೆ, ನೀರು ಹೊತ್ತು ತಂದು ಕೊಡುತ್ತೇನೆ! ಮಾವನವರ ಸೀಟಿಯ ಮೇಲೆ ಆಣೆ!"

"ನಿಲ್ಸೇ ಅದನ್ನ!" ಎಂದು ಕೆಳಗಿನ ವಾಲ್ವಣ್ಣ ಹೆಂಡತಿಗೆ ಕಿರುಚಿದ.

"ಇರಿ, ಈಗ ತಾನೆ ಚೆನ್ನಾಗಿ ಬರ್ತಿದೆ" ಎಂದಳು ಅವಳು. ಆಮೇಲೆ ನಿಧಾನವಾಗಿ ಎದ್ದು ಟಿವಿಯ ಸ್ವಿಚ್ಚು ಆರಿಸಿದಳು.

ಬಾಗಿಲಲ್ಲಿದ್ದವರೆಲ್ಲ "ಭಲೇ" ಎಂದು ಚಪ್ಪಾಳೆ ತಟ್ಟಿದರು. "ಎಂಥಾ ಮಾತು ಆಡಿದ್ದೀಯಣ್ಣ! ನಮಗೆ ಅವತ್ತು ಕೇಳಿಸ್ಲೇ ಇಲ್ಲ" ಎಂದ ಡ್ರೈವರು. "ಇವತ್ತು ಮೇಲಿಂದಾನೇ ಬರ್ಲಿಲ್ಲ, ಬಿಡು. ನಿನ್ನ ತಪ್ಪೇನಿದೆ?"

ವಾಲ್ವಣ್ಣನಿಗೆ ಹೋದ ಜೀವ ಬಂತು. ತಪ್ಪಿಸಿಕೊಂಡೆ ಎಂದುಕೊಂಡ. ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.

"ಬರ್ಲಿಲ್ಲ ಅಂತ ಯಾರು ಹೇಳಿದ್ದು? ಅದನ್ನೇ ಆಗಲಿಂದ ಹೇಳೋಕೆ ಹೊರಟಿದ್ದೀನಿ, ಇವರು ಬಿಡ್ತಾ ಇಲ್ಲ. ಹನ್ನೊಂದು ಗಂಟೆಗೆ ನಿಮ್ಮ ಪಾಲಿನದೂ ಸೇರಿ ನಮ್ಮ ಕಡೆಗೇ ಬಂತು. ತೊಟ್ಟಿ ತುಂಬಿತು, ಗಿಡಗಳಿಗೆ ಬಿಟ್ಟೆ, ಸೈಕಲ್ ತೊಳೆದೆ. ಕೊನೆಗೆ ಏನು ಮಾಡೋದು ಅಂತ ತೋಚದೆ ಅಂಗಳ ಎರಡು ಸಲ ತೊಳೆದೆ. ಇಲ್ಲಿ ವಾಲ್ವ್ ತೆಗೆದೇ ಇಲ್ಲ ಅಂತ ನಾನು ಆಗಲೇ ಅಂದ್ಕೊಂಡೆ."

ಎಲ್ಲರೂ ವಾಲ್ವಣ್ಣನ ಕಡೆ ತಿರುಗಿದರು. ವಾಲ್ವಣ್ಣ ಕೈಯಲ್ಲಿದ್ದ ಚಕ್ರದ ಕಡೆ ನೋಡಿದ. ಹೊಲಿಗೆಯಕ್ಕ ಎದ್ದು ಜಗಲಿಯಿಂದ ತಮ್ಮ ಪ್ಲಾಸ್ಟಿಕ್ ಕೊಡ ತಂದು ಅವನ ಕಾಲಬುಡದಲ್ಲಿಟ್ಟರು. ಅದರ ಪಕ್ಕದಲ್ಲಿ ಡ್ರೈವರಿನ ಎರಡು ಬಕೆಟ್. ಆಮೇಲೆ ಉಳಿದವು.

"ನನ್ನ ಸೀಟಿಯ ಮೇಲೆ ಆಣೆ ಇಟ್ಟಿದ್ದಾರೆ" ಎಂದು ಮಾವನವರು ಎದ್ದು ನಿಂತರು. ಅವರ ಕಣ್ಣು ತುಂಬಿತ್ತು. "ಅಳಿಯಂದಿರೇ, ಇದು ನನಗೆ ಗೊತ್ತೇ ಇರಲಿಲ್ಲ. ಪ್ರತಿ ಸಲವೂ ಹಾರಿಸಿಬಿಟ್ಟಿದ್ದೆನಲ್ಲ, ಛೇ! ಏಳಿ, ಅಟೆನ್ಷನ್!"

ಬೀದಿಯ ಕೊನೆಯಲ್ಲಿ, ಒತ್ತಿ ಒತ್ತಿ ಸಾಕಾಗಿ ಬೀದಿಯವರು ಕೈಬಿಟ್ಟಿದ್ದ ಒಂದು ಹಳೆಯ ಕೈಪಂಪು. ಹನ್ನೊಂದು ಮನೆ, ಮನೆಗೆ ಎರಡು ಬಕೆಟ್, ಡ್ರೈವರಿನ ಮನೆಗೆ ಮೂರು ಮಹಡಿ. ಮಾವನವರು ಬೀದಿಯ ನಡುವೆ ನಿಂತು ಸೀಟಿ ಊದಿದರು. "ಎಡ, ಬಲ! ಎಡ, ಬಲ! ಬೆನ್ನು ನೆಟ್ಟಗಿರಲಿ! ನೀರು ಚೆಲ್ಲಬಾರದು!" ಶಾಲೆಯ ಐದು ಮಂದಿ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ವಿಡಿಯೋಕ್ಕಿಂತ ಇದು ಚೆನ್ನಾಗಿದೆ ಎಂದರು ಒಬ್ಬರು. ಲೆಕ್ಕದ ಮೇಷ್ಟ್ರು ಬಕೆಟ್ ಎಣಿಸಿದರು.

ನಾಲ್ಕನೆಯ ಮನೆಯ ಹೊತ್ತಿಗೆ ಇಸ್ತ್ರಿ ಅಂಗಿ ಮೈಗಂಟಿತು. ಏಳನೆಯ ಮನೆಯಲ್ಲಿ ಹೊಲಿಗೆಯಕ್ಕ ಬಾಗಿಲಲ್ಲೇ ನಿಂತು ಮೆಲ್ಲಗೆ, "ಒಂದು ವಿಷಯ ಹೇಳ್ಬೇಕು ಕಣೋ. ಆ ಎಡ-ಬಲ ನಾನೇ ಬದಲಾಯಿಸಿದ್ದು" ಎಂದರು. ಅವನಿಗೆ ಸಿಟ್ಟು ಮಾಡಿಕೊಳ್ಳಲೂ ಉಸಿರಿರಲಿಲ್ಲ.

ಕತ್ತಲಾಗುವ ಮೊದಲು, ಕೊನೆಯ ಬಕೆಟ್ಟನ್ನು ಮೂರನೇ ಮಹಡಿಗೆ ಮುಟ್ಟಿಸಿ ವಾಲ್ವಣ್ಣ ಕಾಲೆಳೆಯುತ್ತ ಮನೆಗೆ ಬಂದ. ಒಳಗೆ ಮಾವನವರು ಫೋನಿನಲ್ಲಿದ್ದರು. "ಹೌದು ದೊಡ್ಡ ಅಳಿಯಂದಿರೇ, ಚಕ್ರ ಕಿತ್ತುಹೋಗಿದೆ. ಹೊಸದು ತನ್ನಿ. ಆದರೆ ಹಾರಿಸೋದಕ್ಕೆ ಬೇಡ. ಹಿಂದಕ್ಕೆ ಹೋಗೋದು ಬೇಕು, ಆ ಭಾಷಣದ ಜಾಗಕ್ಕೆ. ಇನ್ನು ಮನೆಗೆ ಯಾರು ಬಂದ್ರೂ ಅದೊಂದನ್ನ ತೋರಿಸ್ಬೇಕು. ಚಿಕ್ಕ ಅಳಿಯಂದಿರು? ಈಗ ಬಂದ್ರು." ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪಾಪ, ಒಳ್ಳೆಯವರು" ಎಂದರು.

ವಾಲ್ವಣ್ಣ ಕುರ್ಚಿ ಎಳೆದುಕೊಂಡು ಇನ್ನೇನು ಕೂರಬೇಕು, ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಅವಳ ಎರಡು ಕೈಯಲ್ಲೂ ಖಾಲಿ ಬಿಂದಿಗೆ.

"ಕೂತ್ಕೋಬೇಡಿ" ಎಂದಳು. "ಪ್ರತಿ ಮನೆಗೂ ಅಂದಿದ್ರಲ್ಲ. ನಮ್ಮದು ಮನೆ ಅಲ್ವಾ?"